ಮಂಡಿಯ ಚಿಂತೆ, ರಸೀತಿಯ ಚಿಂತೆ

ಮಲೆನಾಡಿನಲ್ಲಿ ಸಮತಟ್ಟಾದ ನೆಲವೆಂಬುದು ಅಪರೂಪ. ಮನೆಯಿಂದ ಕಣಕ್ಕೆ ಇಳಿಯಬೇಕು, ಕಣದಿಂದ ತೋಟಕ್ಕೆ ಇಳಿಯಬೇಕು. ಹಿಂದಿರುಗುವಾಗ ಇಳಿದುದನ್ನೆಲ್ಲ ಹತ್ತಬೇಕು. ಬಯಲುಸೀಮೆಯ ವೃದ್ಧರಿಗೆ ಮಂಡಿನೋವು ಒಂದು ಕಿರುಕುಳವಾದರೆ ಮೂಡಿಗೆರೆ, ಕಳಸಗಳ ವೃದ್ಧರಿಗೆ ಅದೊಂದು ಗೃಹಬಂಧನ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ತೊಡಗಿದರೆ ರೊಬಸ್ಟಾ ಮುಗಿಯುವುದು ಮಾರ್ಚಿಯ ಹೊತ್ತಿಗೆ. ನಡುವೆ ಮೆಣಸಿನ ಬಳ್ಳಿಗೆ ಏಣಿ ಹಾಕುವವರುಂಟು, ಮರಗಸಿಗೆಂದು ಮರ ಹತ್ತುವವರುಂಟು. ಯಾರೂ ಜಾರಿ ಬೀಳದ ವರ್ಷವೇ ಇಲ್ಲ.

ಬಿದ್ದವರ ಕಥೆಯ ಪೂರ್ವಾರ್ಧವನ್ನು ಎಲ್ಲರೂ ಬಲ್ಲರು. ಬಾಡಿಗೆಯ ಕಾರು, ಚಾರ್ಮಾಡಿ ಘಟ್ಟ, ಮಂಗಳೂರಿನ ಆಸ್ಪತ್ರೆ, ಶಸ್ತ್ರಕ್ರಿಯೆ. ಉತ್ತರಾರ್ಧವಿರುವುದು ಬಿಡುಗಡೆಯ ಕಾಗದದ ಕೊನೆಯ ಸಾಲಿನಲ್ಲಿ: ಫಿಸಿಯೋಥೆರಪಿ ಮಾಡಿಸತಕ್ಕದ್ದು. ಶಸ್ತ್ರವೈದ್ಯನ ಕೆಲಸ ಕೆಲವು ಗಂಟೆಗಳದು. ಕೀಲನ್ನು ಮತ್ತೆ ಮಣಿಯುವಂತೆ ಮಾಡುವ ಕೆಲಸ ಕೆಲವು ವಾರಗಳದು. ಆ ವಾರಗಳನ್ನು ವ್ಯರ್ಥವಾಗಿ ಕಳೆದರೆ ಸ್ನಾಯು ಸೊರಗಿ, ಕೀಲು ಬಿಗಿದು, ಲಕ್ಷಗಟ್ಟಲೆ ವೆಚ್ಚದ ಕಾಲು ಕುರ್ಚಿಯ ಪಾಲಾಗುತ್ತದೆ.

ನನ್ನ ಪರಿಚಯದ ಕುಟುಂಬವೊಂದು ಕಳಸದ ಕಡೆಯದು. ಮನೆಯ ಅಜ್ಜಿಗೆ ಸೊಂಟದ ಮೂಳೆ ಮುರಿದು ಶಸ್ತ್ರಕ್ರಿಯೆಯಾಯಿತು. ಕಳಸ ಈಗ ತಾಲ್ಲೂಕು ಕೇಂದ್ರವೇ ಆಗಿದ್ದರೂ ಜಿಲ್ಲಾ ಕೇಂದ್ರಕ್ಕೆ ಅಲ್ಲಿಂದ ಸುಮಾರು 90 ಕಿಲೋಮೀಟರು. ಹೋಗಿ ಬರುವ ಕಾರಿನ ಬಾಡಿಗೆ ಚಿಕಿತ್ಸೆಯ ಶುಲ್ಕವನ್ನು ಎಷ್ಟೋ ಮೀರುತ್ತದೆ. ಮನೆಯ ಸೊಸೆ ಪೇಟೆಯ ಚಿಕಿತ್ಸಕರೊಬ್ಬರಿಗೆ ಫೋನು ಮಾಡಿದಳು. "ನೀವು ಇನ್ಶೂರೆನ್ಸ್ ತೆಗೆದುಕೊಳ್ಳುತ್ತೀರಾ, ಸಾರ್?" "ಇಲ್ಲಮ್ಮ." ಆಕೆ ಫೋನು ಇಟ್ಟಳು. ಎರಡು ವಾರ ಹಾಗೆಯೇ ಕಳೆಯಿತು.

ಕೇಳಬೇಕಾದ ಪ್ರಶ್ನೆ ಅದಲ್ಲ. ನಗದಿಲ್ಲದ ಚಿಕಿತ್ಸೆಯ ಸೌಲಭ್ಯವೆಂಬುದು ವಿಮಾ ಕಂಪನಿಗೂ ಆಸ್ಪತ್ರೆಗೂ ಇರುವ ಒಪ್ಪಂದ. ಪೇಟೆಯ ಒಂಟಿ ಚಿಕಿತ್ಸಕರಿಗೆ ಸಾಮಾನ್ಯವಾಗಿ ಅಂಥ ಒಪ್ಪಂದವಿರುವುದಿಲ್ಲ. ಹಾಗೆಂದು ಹಣ ಬಾರದೆಂದಲ್ಲ. ನಮ್ಮಲ್ಲಿ ಬಹುತೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದವರಿಗೆ ಕೊಡುವಂಥವು. ಬಿಡುಗಡೆಯ ನಂತರ ಅದೇ ಕಾಯಿಲೆಗೆ ತಗಲುವ ವೆಚ್ಚವನ್ನೂ ಇಂತಿಷ್ಟು ದಿನಗಳವರೆಗೆ ಭರಿಸುತ್ತವೆ. ವಿಮಾ ಪ್ರಾಧಿಕಾರದ ಸೂಚನೆಯಂತೆ 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಈ ಅವಧಿ 60 ದಿನ. ಮೊದಲು ನಾವು ತೆರಬೇಕು, ಅನಂತರ ರಸೀತಿ ಕಳುಹಿಸಿ ಪಡೆಯಬೇಕು. ಆದಕಾರಣ ಚಿಕಿತ್ಸಕರನ್ನು ಕೇಳಬೇಕಾದುದು: ದಿನಾಂಕ, ಪದವಿ, ಸಹಿಗಳೊಡನೆ ಪ್ರತಿದಿನದ ರಸೀತಿ ಬರೆದುಕೊಡುವಿರಾ? ಶಸ್ತ್ರವೈದ್ಯರನ್ನು ಕೇಳಬೇಕಾದುದು: ಎಷ್ಟು ದಿನದ ಚಿಕಿತ್ಸೆಯೆಂದು ಬಿಡುಗಡೆಯ ಕಾಗದದಲ್ಲಿಯೇ ನಮೂದಿಸುವಿರಾ? ವಿಮಾ ಕಂಪನಿಯನ್ನು ಕೇಳಬೇಕಾದುದು: ಚಿಕಿತ್ಸಕರು ಮನೆಗೆ ಬಂದರೂ ಹಣ ಸಲ್ಲುವುದೇ? ಇವೆಲ್ಲ ಆಸ್ಪತ್ರೆಯಿಂದ ಹೊರಡುವ ಮೊದಲೇ ಆಗಬೇಕು. ಆಸ್ಪತ್ರೆಗೆ ಸೇರದೆ ಬರಿಯ ಬೆನ್ನುನೋವಿಗೆ ಚಿಕಿತ್ಸೆ ಪಡೆದವರಿಗೆ ಹೊರರೋಗಿಯ ಸೌಲಭ್ಯವನ್ನು ಬೇರೆಯಾಗಿ ಕೊಂಡಿರದಿದ್ದರೆ ಏನೂ ದೊರೆಯದು.

ಸರ್ಕಾರದ ಯೋಜನೆಯ ಲೆಕ್ಕ ಬೇರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನೂ, ಉಳಿದವರಿಗೆ ನಿಗದಿತ ದರದ ಶೇ. 30ರಷ್ಟನ್ನೂ ಗೊತ್ತುಪಡಿಸಿತು. ಆದರೆ ಆಯುಷ್ಮಾನ್ ಯೋಜನೆಯಲ್ಲಿ ಬಿಡುಗಡೆಯ ನಂತರದ ಆರೈಕೆ 15 ದಿನಗಳಿಗೆ ಮುಗಿಯುತ್ತದೆ. ಹದಿನೈದು ದಿನಕ್ಕೆ ಎಪ್ಪತ್ತರ ಸೊಂಟ ನೆಟ್ಟಗಾಗುವುದೆಂದು ಲೆಕ್ಕ ಹಾಕಿದವರು ಮಲೆನಾಡಿನ ಮೆಟ್ಟಿಲನ್ನು ನೋಡಿರಲಾರರು. ಅನಂತರ ಉಳಿಯುವ ದಾರಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ. ವೃದ್ಧರ ಆರೋಗ್ಯಕ್ಕೆಂದು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯಬೇಕು. ಹೋಗುವ ಮುನ್ನ ಯಾವ ದಿನ, ಯಾವ ಹೊತ್ತು ಎಂದು ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಯಾರ ಬಳಿ ಹೋಗುವುದು? ಉಳುಕು ನೀವುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಕೈಗುಣವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಒಳಗೆ ಲೋಹದ ಕೀಲು ಕುಳಿತಿರುವಾಗ ಆ ಕೈಗೆ ಕಾಲನ್ನು ಒಪ್ಪಿಸುವುದು ಸಾಹಸವೇ ಸರಿ. ಬಿ.ಪಿ.ಟಿ. ಎಂಬ ಪದವಿಯನ್ನು ನೋಡಿ. ನಾಲ್ಕು ವರ್ಷಕ್ಕೂ ಮೀರಿದ ವ್ಯಾಸಂಗ ಅದು. 2021ರ ಕೇಂದ್ರ ಕಾಯಿದೆ ಈ ವೃತ್ತಿಯನ್ನು ನೋಂದಣಿಯ ಚೌಕಟ್ಟಿಗೆ ತಂದಿದೆ. ಪೇಟೆಯಲ್ಲಿ ನಡುಗುವ ಯಂತ್ರದ ಮೇಲೆ ಮಲಗಿಸಿ ಹಣ ಪಡೆಯುವ ಅಂಗಡಿಗಳ ಮಾತು ಬೇರೆ; ಅವುಗಳ ರಸೀತಿಯನ್ನು ಯಾವ ಕಂಪನಿಯೂ ಮಾನ್ಯಮಾಡಲಾರದು.

ಕಳಸದ ಸೊಸೆ ಕೊನೆಗೊಂದು ಉಪಾಯ ಕಂಡುಕೊಂಡಳು. ಚಿಕಿತ್ಸಕರು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ಆರು ದಿನದ ವ್ಯಾಯಾಮವನ್ನು ಆಕೆಗೇ ಕಲಿಸಿ, ಒಂದು ನೋಟುಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಕಂಪನಿ ಮೊದಲ ಅರ್ಜಿಯನ್ನು ತಿರಸ್ಕರಿಸಿತು. ವೈದ್ಯರ ಚೀಟಿಯನ್ನು ಲಗತ್ತಿಸಿ ಮತ್ತೆ ಕಳುಹಿಸಿದ್ದಾಳೆ. ಉತ್ತರ ಬಾರದೆ ತಿಂಗಳಾದರೆ, ಇಲ್ಲವೆ ಮತ್ತೆ ನಿರಾಕರಣೆಯೇ ಬಂದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯುಂಟು. ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕವಿಲ್ಲ, ವಕೀಲರೂ ಬೇಡ. ಅಜ್ಜಿ ಈಗ ಊರುಗೋಲು ಹಿಡಿದು ಜಗಲಿಯವರೆಗೆ ಬರುತ್ತಾರೆ. ಕಣಕ್ಕೆ ಇನ್ನೂ ಏಳು ಮೆಟ್ಟಿಲು.