ಮೊದಲು ಒಂದೇ ನಿಮಿಷ ಓಡಿ

ಪರೀಕ್ಷೆ ಮುಗಿದ ಮಾರನೆಯ ದಿನ ವಿದ್ಯಾರ್ಥಿಗಳು ಮಾಡುವ ಪ್ರತಿಜ್ಞೆಗಳಲ್ಲಿ 'ನಾಳೆಯಿಂದ ಬೆಳಿಗ್ಗೆ ಎದ್ದು ಓಡುತ್ತೇನೆ' ಎಂಬುದಕ್ಕೆ ಅಗ್ರಸ್ಥಾನ. ಹೊಸ ಬೂಟು ಬರುತ್ತದೆ. ಅಲಾರಾಂ ಐದೂವರೆಗೆ ಸಿದ್ಧವಾಗುತ್ತದೆ. ಮೊದಲ ದಿನ ಹುಡುಗ ಬಿಟ್ಟ ಬಾಣದಂತೆ ಓಡುತ್ತಾನೆ. ಮೈದಾನದ ಅರ್ಧ ಸುತ್ತಿಗೇ ಪಕ್ಕೆ ಹಿಡಿದುಕೊಂಡು ಏದುಸಿರು ಬಿಡುತ್ತಾನೆ. ಎರಡನೆಯ ದಿನ ಮೀನಖಂಡದಲ್ಲಿ ನೋವು. ಮೂರನೆಯ ದಿನ ಅಲಾರಾಂ ಬಡಿದುಕೊಳ್ಳುತ್ತಿರುತ್ತದೆ, ಅವನು ಹೊದಿಕೆ ಎಳೆದುಕೊಳ್ಳುತ್ತಾನೆ. 'ಆರಂಭಶೂರ' ಎಂದು ಅಪ್ಪ ಮನೆಗೆಲ್ಲ ಕೇಳುವಂತೆ ಹೇಳುತ್ತಾರೆ. ತನ್ನಿಂದ ಇದು ಆಗುವುದಲ್ಲ ಎಂದು ಹುಡುಗನೂ ನಂಬಿಬಿಡುತ್ತಾನೆ.

ಇದು ಸೋಮಾರಿತನವೇ? ಅಲ್ಲ, ಲೆಕ್ಕ ತಪ್ಪಿದ್ದು. ಓಟ ಶುರುವಾದ ಕೂಡಲೇ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಹೃದಯ ಮತ್ತು ಶ್ವಾಸಕೋಶಗಳು ಅದನ್ನು ಪೂರೈಸುವ ಮಟ್ಟಕ್ಕೆ ಏರಲು ಕೆಲವು ನಿಮಿಷ ಹಿಡಿಯುತ್ತದೆ. ಆ ಹೊತ್ತಿಗಾಗಲೇ ಪೂರ್ತಿ ವೇಗದಲ್ಲಿರುವ ಹೊಸಬನಿಗೆ ದಮ್ಮು ಕಟ್ಟದೆ ಇನ್ನೇನಾದೀತು? ಓಟವೆಂದರೆ ಇಷ್ಟೇ ಎಂದು ಅದರ ಅತಿ ಕಷ್ಟದ ನಿಮಿಷಗಳನ್ನು ನೋಡಿಯೇ ಅವನು ತೀರ್ಪು ಕೊಡುತ್ತಾನೆ.

ಅಮೆರಿಕದ ಜಾಶ್ ಕ್ಲಾರ್ಕ್ ಎಂಬ ಯುವಕ 1996ರಲ್ಲಿ ಐವತ್ತು ದಾಟಿದ ತನ್ನ ತಾಯಿಯನ್ನು ಓಟಕ್ಕೆ ಎಳೆಯಲು ಒಂದು ಕ್ರಮ ರೂಪಿಸಿದ. (ಸಾಮಾನ್ಯವಾಗಿ ತಾಯಿ ಮಗನನ್ನು ಎಬ್ಬಿಸಬೇಕು, ಇಲ್ಲಿ ತಿರುಗುಮುರುಗು.) 'ಕೌಚ್ ಟು ಫೈವ್ ಕೆ', ಅಂದರೆ ಸೋಫಾದಿಂದ 5 ಕಿಲೋಮೀಟರಿಗೆ, ಎಂದು ಅದರ ಹೆಸರು. ವಾರಕ್ಕೆ ಮೂರೇ ದಿನ. ಮೊದಲ ವಾರ 5 ನಿಮಿಷ ಚುರುಕಾದ ನಡಿಗೆ, ಆಮೇಲೆ 60 ಸೆಕೆಂಡ್ ನಿಧಾನದ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಕೂಡಿಸಿದರೆ ಓಡುವುದು ಎಂಟೇ ನಿಮಿಷ! ಐದನೆಯ ವಾರದ ಕೊನೆಯ ದಿನ ನಿಲ್ಲದೆ 20 ನಿಮಿಷ, ಒಂಬತ್ತನೆಯ ವಾರಕ್ಕೆ 5 ಕಿಲೋಮೀಟರ್ ಅಥವಾ ಅರ್ಧ ಗಂಟೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಮುಂದೆ ಈ ಕ್ರಮವನ್ನು ಜನರ ಮುಂದಿಟ್ಟಿತು.

ಇದರ ಗುಟ್ಟು ಕಾಲಿನಲ್ಲಿಲ್ಲ, ಮನಸ್ಸಿನಲ್ಲಿದೆ. 'ಇನ್ನೂ ಸ್ವಲ್ಪ ಓಡಬಹುದಿತ್ತು' ಎನ್ನಿಸುವಾಗಲೇ ನಿಂತವನಿಗೆ ನಾಡಿದ್ದು ಮತ್ತೆ ಹೋಗಬೇಕೆನ್ನಿಸುತ್ತದೆ. ವೇಗ ಎಷ್ಟಿರಬೇಕು? ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡುವಷ್ಟು. ಮಾತು ತುಂಡಾದರೆ ನಿಧಾನಿಸಬೇಕು. ನೋಡಿ ನಗುವವರು ನಗಲಿ.

ಆದರೆ ನಮ್ಮ ಮಕ್ಕಳಿಗೆ ಓಟದ ಮೊದಲ ಪರಿಚಯ ಎಲ್ಲಿ ಆಗುತ್ತದೆ? ತಡವಾಗಿ ಬಂದರೆ, ಹೋಂವರ್ಕ್ ಮಾಡದಿದ್ದರೆ, 'ಗ್ರೌಂಡಿಗೆ ಐದು ಸುತ್ತು.' ಮನೆಯಲ್ಲಿ 'ಎಷ್ಟು ದಪ್ಪ ಆಗಿದ್ದೀಯ, ಹೋಗಿ ಓಡು.' ಶಿಕ್ಷೆಯಾಗಿ ಕಲಿತದ್ದರಲ್ಲಿ ಉತ್ಸಾಹ ಹುಟ್ಟಬೇಕೆಂದರೆ ಹೇಗೆ? ಓಟವನ್ನು ಅಂಕಗಳಿಗೋ ತೂಕಕ್ಕೋ ಕಟ್ಟಿಹಾಕದಿರುವುದೇ ತಂದೆತಾಯಿ ಮಾಡಬಹುದಾದ ದೊಡ್ಡ ಉಪಕಾರ.

ಹುಡುಗಿಯರ ಕಷ್ಟ ಬೇರೆ. ಅವರನ್ನು ತಡೆಯುವುದು ನಿದ್ದೆಯಲ್ಲ. ಕತ್ತಲೆ, ಬೀದಿನಾಯಿ, ಕಟ್ಟೆಯ ಮೇಲೆ ಕುಳಿತವರ ನೋಟ. ಹೈಸ್ಕೂಲು ಮುಟ್ಟುವಷ್ಟರಲ್ಲಿ 'ಸಾಕು, ಮನೆಯಲ್ಲಿರು' ಎನ್ನುವ ಮನೆಗಳು ಇಂದಿಗೂ ಇವೆ. ಅಮ್ಮನೋ ಅಪ್ಪನೋ ಜೊತೆಗೆ ಹೊರಟರೆ ಈ ಸಮಸ್ಯೆ ಅರ್ಧಕ್ಕಿಳಿಯುತ್ತದೆ. ಮೊದಲ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ನಡಿಗೆಯೇ ಇರುವುದರಿಂದ ಅವರಿಗೂ ಅಸಾಧ್ಯವಲ್ಲ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟ, ಸೈಕಲ್, ಎಲ್ಲ ಸೇರಿ. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು, ಓಡುವಾಗ ಎದೆನೋವು, ತಲೆಸುತ್ತು ಬರುವವರು ಮೊದಲು ವೈದ್ಯರನ್ನು ಕಾಣಬೇಕು. ಇನ್ನು ರಾತ್ರಿ ಹನ್ನೆರಡರವರೆಗೆ ಓದುವ ಪಿ.ಯು.ಸಿ. ಹುಡುಗನನ್ನು ಐದಕ್ಕೆ ಎಬ್ಬಿಸಿ ಓಡಿಸುವುದು ಬೇಡ. ಅವನಿಗೆ ನಿದ್ದೆಯೂ ಅಷ್ಟೇ ಮುಖ್ಯ. ಕಾಲೇಜಿನಿಂದ ಬಂದು, ಕಾಫಿ ಕುಡಿದು, ಸಂಜೆ ಹೋದರಾಯಿತು.