ಲಾಂಛನ ನಂಬಬೇಡಿ, ವಿಳಾಸ ಓದಿ!

ಕನ್ನಡದ ತರುಣರೇ,

ಯಾವ ಬ್ಯಾಂಕಿನ ಲಾಂಛನ ಕೊಟ್ಟರೂ ಅರ್ಧ ದಿನದಲ್ಲಿ ಅದರ ಲೆಟರ್‌ಹೆಡ್ ಅಚ್ಚು ಹಾಕಬಹುದು. ಪ್ರೆಸ್ ನಡೆಸುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಲಾಂಛನ, ಬಣ್ಣ, ಅಂದದ ಅಕ್ಷರ ಯಾರ ಸಾಚಾತನಕ್ಕೂ ಸಾಕ್ಷಿಯಲ್ಲ. ಇಂಟರ್‌ನೆಟ್ಟಿನಲ್ಲಂತೂ ಕಾಗದ, ಶಾಯಿಯ ಖರ್ಚೂ ಇಲ್ಲ! ಅಸಲಿ ಪುಟವನ್ನು ಇಡಿಯಾಗಿ ನಕಲು ಮಾಡಿ, ನಿಮ್ಮ ಪಾಸ್‌ವರ್ಡ್, ಓಟಿಪಿ ತುಂಬಲು ಖಾಲಿ ಜಾಗ ಬಿಟ್ಟು, ಆ ಪುಟದ ಲಿಂಕನ್ನು ಇ-ಮೇಲ್‌ನಲ್ಲಿ, ಎಸ್‌ಎಂಎಸ್‌ನಲ್ಲಿ ಕಳಿಸಿ ಕಳ್ಳ ಕಾದು ಕೂತಿರುತ್ತಾನೆ.

ಅವನ ಬಂಡವಾಳ ಎರಡೇ: ನಮ್ಮ ಹೆದರಿಕೆ, ನಮ್ಮ ಆತುರ. "ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆ ಕರೆಂಟ್ ಕಟ್", "ಕೆವೈಸಿ ಮಾಡದಿದ್ದರೆ ಖಾತೆ ಬಂದ್", "ಟ್ರಾಫಿಕ್ ದಂಡ ಬಾಕಿ, ಈ ಆ್ಯಪ್ ಹಾಕಿಕೊಳ್ಳಿ" - ಎಲ್ಲದರ ರಾಗ ಒಂದೇ. ಯೋಚಿಸಲು ಸಮಯ ಕೊಡದವನನ್ನು ನಂಬಬೇಡಿ.

ಕಂಡುಹಿಡಿಯುವುದು ಹೇಗೆ? ಕರಡು ತಿದ್ದುವವನಂತೆ ಅಕ್ಷರ ಅಕ್ಷರ ಓದಿ. ಇಂಗ್ಲಿಷಿನ ಸಣ್ಣ 'ಆರ್', 'ಎನ್' ಒತ್ತೊತ್ತಾಗಿ ನಿಂತರೆ 'ಎಮ್'ನಂತೆ ಕಾಣುತ್ತವೆ. 'ಎಲ್' ಜಾಗದಲ್ಲಿ ಅಂಕೆ 1 ಕೂತರೆ ಗೊತ್ತೇ ಆಗುವುದಿಲ್ಲ. ವೆಬ್ ವಿಳಾಸದ ಆರಂಭದ ಜೋಡಿ ಓರೆಗೆರೆ ಬಿಡಿ. ಆಮೇಲೆ ಸಿಗುವ ಮೊದಲ ಓರೆಗೆರೆಯ ಎಡಕ್ಕೆ ಅಂಟಿಕೊಂಡ ಹೆಸರು ನೋಡಿ. ಪುಟದ ಒಡೆಯ ಅಲ್ಲಿದ್ದಾನೆ! ಅದಕ್ಕೂ ಮುಂಚೆ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ತೂರಿಸಬಹುದು. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತು. ಆ ಬಾಲವಿಲ್ಲದ ಬ್ಯಾಂಕ್ ಪುಟದಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಬೀಗದ ಗುರುತು ಕಂಡು ಮೋಸ ಹೋಗಬೇಡಿ. ಅದು ಕಳ್ಳನ ಪುಟಕ್ಕೂ ಸಿಗುತ್ತದೆ. ಅನುಮಾನ ಬಂದರೆ ಸಂದೇಶದಲ್ಲಿರುವ ನಂಬರು ಬಿಟ್ಟು, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನ್ ಮಾಡಿ.

ಹಣ ಹೋಯಿತೇ? ನಾಚಿಕೊಂಡು ಬಚ್ಚಿಡಬೇಡಿ. ನಾಚಿಕೆ ಕಳ್ಳನಿಗಿರಲಿ! ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇಗ ತಿಳಿಸಿದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಅವಕಾಶವಿದೆ. ನಾವೇ ಓಟಿಪಿ ಬಿಟ್ಟುಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದೆ. ಇದನ್ನು ಶಾಖೆಯಲ್ಲಿ ಧೈರ್ಯವಾಗಿ ಹೇಳಿ.

ಕೊನೆಯ ಮಾತು. ಕಳ್ಳ ಕನ್ನಡ ಕಲಿತಿದ್ದಾನೆ. ಸೊಗಸಾದ ಕನ್ನಡದಲ್ಲೇ ಬಲೆ ಬೀಸುತ್ತಾನೆ. ಬ್ಯಾಂಕಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದರೆ ನಮ್ಮ ತಾಯಂದಿರಿಗೆ, ಅಜ್ಜಂದಿರಿಗೆ ಅರ್ಥವಾಗುವುದು ಯಾವಾಗ? ಕನ್ನಡದಲ್ಲೇ ಎಚ್ಚರಿಸಿ ಎಂದು ಬ್ಯಾಂಕಿಗೆ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅದು ಬರುವ ತನಕ ಸುಮ್ಮನೆ ಕೂರಬೇಡಿ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಪಕ್ಕ ಕೂತು, ಅವರ ಫೋನಿನಲ್ಲಿ ಬಂದಿರುವ ಒಂದು ಸುಳ್ಳು ಸಂದೇಶ ತೆಗೆದು, ಎಲ್ಲಿ ಮೋಸವಿದೆಯೆಂದು ಬೆರಳಿಟ್ಟು ತೋರಿಸಿ.