ಬೆಟ್ಟದ ಜಾಡಿನಲ್ಲಿ ಬೈಸಿಕಲ್

ಭಾನುವಾರ ಬೆಳಗಿನ ಜಾವ ಮಾಗಡಿಯ ಕಡೆಗೋ ಕನಕಪುರದ ಕಡೆಗೋ ಹೊರಟವರ ಕಣ್ಣಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಬೀಳುತ್ತಿದೆ. ತಲೆಗೆ ಗಟ್ಟಿ ಟೋಪಿ, ಕಣ್ಣಿಗೆ ಕನ್ನಡಕ, ಮೈಗೆ ಬಿಗಿಯಾದ ಬಣ್ಣದ ಉಡುಪು ಧರಿಸಿದ ತರುಣ ತರುಣಿಯರು, ಅವರ ನಡುವೆ ನರೆತ ತಲೆಯ ಒಬ್ಬಿಬ್ಬರು ಗೃಹಸ್ಥರು, ದಪ್ಪ ಟೈರಿನ ಬೈಸಿಕಲ್ಲುಗಳನ್ನೇರಿ ಸಾಲಾಗಿ ಬರುತ್ತಾರೆ. ಚೆನ್ನಾದ ಡಾಂಬರು ರಸ್ತೆಯನ್ನು ಬಿಟ್ಟು ಹೊಲಗಳ ನಡುವಣ ಬಂಡಿಜಾಡಿಗೆ ಇಳಿದುಬಿಡುತ್ತಾರೆ. ರಾಗಿಹೊಲದ ಬದುವಿನ ಮೇಲೆ ನಿಂತ ರೈತನಿಗೆ ಇದೊಂದು ಸೋಜಿಗ. ತನ್ನೂರಿಗೆ ಒಂದು ರಸ್ತೆಯಾಗಲೆಂದು ಆತ ಅರ್ಜಿಯ ಮೇಲೆ ಅರ್ಜಿ ಕೊಟ್ಟು ಸವೆದಿರುತ್ತಾನೆ. ಇವರಾದರೋ ಇದ್ದ ರಸ್ತೆಯನ್ನೇ ಬೇಡವೆಂದು ಬರುತ್ತಿದ್ದಾರೆ!

ಬೇಡವೆಂದು ಬರುವುದಕ್ಕೆ ಕಾರಣವೂ ಇಲ್ಲದಿಲ್ಲ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಡೆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ಮೋಟಾರಿಲ್ಲದ ಯಾವ ಬಂಡಿಗೂ ಪ್ರವೇಶವಿಲ್ಲವೆಂದಾಯಿತು. ನಗರದ ಸೈಕಲ್ ಸವಾರನಿಗೂ ಹಳ್ಳಿಯ ಎತ್ತಿನ ಗಾಡಿಯವನಿಗೂ ಅಂದಿನಿಂದ ಒಂದೇ ಗತಿ, ಪಕ್ಕದ ದಾರಿ. ಆ ಪಕ್ಕದ ದಾರಿಯನ್ನು ಹಿಡಿದವರಿಗೆ ಬೆಟ್ಟಗಳು ಕೈಬೀಸಿ ಕರೆದರೆ ಆಶ್ಚರ್ಯವೇನು?

ಬೆಟ್ಟಗಳಾದರೂ ಎಂಥವು! ರಾಮನಗರಕ್ಕೆ ಆಂಗ್ಲರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಊರು ಆ ಹೆಸರನ್ನು ಕಳಚಿದರೂ ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 2007ರಲ್ಲಿ ರಾಮನಗರ ಜಿಲ್ಲೆಯೆಂದು ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ತಳೆದ ಈ ಸೀಮೆಯಲ್ಲಿ ಹೆಸರುಗಳು ಬದಲಾಗುತ್ತಲೇ ಇವೆ; ಬಂಡೆಗಳು ಮಾತ್ರ ಇದ್ದಲ್ಲಿಯೇ ಇವೆ. ಮಾಗಡಿ ತಾಲ್ಲೂಕಿನ ಸಾವನದುರ್ಗ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪೂವಿನ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಮೊದಲ ಶತ್ರುವಾದದ್ದು ಕೋಟೆಯಲ್ಲ, ಅದನ್ನು ಸುತ್ತಿದ್ದ ಕಾಡು. ಭಾರಿ ಫಿರಂಗಿಗಳನ್ನು ಎಳೆಯಲು ಬಿದಿರು ಮೆಳೆಯನ್ನೂ ಬಂಡೆಗಳನ್ನೂ ಸೀಳಿ ಹಾದಿ ಮಾಡಬೇಕಾಯಿತು. ರಸ್ತೆಯಿಲ್ಲದ ಕಡೆ ಚಕ್ರ ಉರುಳಿಸುವ ಸಾಹಸ ಈ ನೆಲಕ್ಕೆ ನಿನ್ನೆ ಮೊನ್ನೆಯದಲ್ಲ.

ಬೆಟ್ಟದ ಬೈಸಿಕಲ್ಲಿನ ಸಂಗತಿ ಹಾಗಲ್ಲ, ಅದಕ್ಕೆ ಇನ್ನೂ ಎಳೆಯ ಪ್ರಾಯ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮರೀನ್ ಎಂಬ ಪ್ರಾಂತ; ಅಲ್ಲಿನ ಕೆಲವು ಹುಡುಗರು ಗುಜರಿಯಿಂದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ತಂದು ಕಾಡುದಾರಿಯಲ್ಲಿ ಧುಮುಕಿಸುತ್ತಿದ್ದರು. 1976ರಲ್ಲಿ ಅವರು ಒಂದು ಇಳುಕಲಿನಲ್ಲಿ ಪಂದ್ಯವನ್ನೇ ಹೂಡಿದರು. ಸುಮಾರು 2 ಮೈಲಿಯಲ್ಲಿ 1300 ಅಡಿ ಇಳಿತ. ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು ಅದು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂತು. ಮರುವರ್ಷ ಜೋ ಬ್ರೀಜ್ ಎಂಬಾತ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಪದಕವೇ ಸಿಕ್ಕಿತು. ನಮ್ಮ ನೆರೆಯ ಕೇರಳದ ಪೊನ್ಮುಡಿಯಲ್ಲಿ 2023ರ ಅಕ್ಟೋಬರಿನಲ್ಲಿ ಏಷ್ಯದ ಚಾಂಪಿಯನ್ ಪಂದ್ಯಗಳು ನಡೆದುವು. ರೇಷ್ಮೆಗೂಡಿನ ಮೂಟೆಯನ್ನು ಹಿಂದೆ ಬಿಗಿದು ಗುಂಡಿ ತಗ್ಗು ಹಾರಿಸುತ್ತ ಸಂತೆಗೆ ಹೋಗುತ್ತಿದ್ದ ನಮ್ಮ ಹಳ್ಳಿಗನಿಗೆ ಯಾರೂ ಪದಕ ಕೊಡಲಿಲ್ಲವೆಂಬುದು ಬೇರೆ ಮಾತು.

ಮರೀನಿನ ಕಥೆಯ ಉತ್ತರಾರ್ಧವೂ ತಿಳಿಯತಕ್ಕದ್ದು. ಸವಾರರು ಹೆಚ್ಚಿದಂತೆ ಕಾಲ್ನಡಿಗೆಯವರೊಡನೆಯೂ ಕುದುರೆಯವರೊಡನೆಯೂ ಜಗಳ ಹುಟ್ಟಿತು. ಕಿರಿದಾದ ಕಾಡುಹಾದಿಗಳಿಂದ ಬೈಸಿಕಲ್ಲುಗಳನ್ನು ಹೊರಗಟ್ಟಿದರು. ಆಟ ಹುಟ್ಟಿದ ಊರಿನಲ್ಲಿಯೇ ಆಟಕ್ಕೆ ದಾರಿಯಿಲ್ಲದಂತಾಯಿತು. ಆಮೇಲೆ, 1988ರಲ್ಲಿ, ಸವಾರರೇ ಕೂಡಿ ಸಂಘ ಕಟ್ಟಿ, ಗುದ್ದಲಿ ಹಿಡಿದು ಹಾದಿ ಕಡಿಯುವ ಶಾಸ್ತ್ರವನ್ನು ಕಲಿತರು.

ಶಾಸ್ತ್ರವೆಂದರೆ ಹೆದರಬೇಕಾಗಿಲ್ಲ, ಕೆಮ್ಮಣ್ಣಿನ ಹೊಲಕ್ಕೆ ಬದು ಹಾಕುವ ರೈತನಿಗೆ ಅದು ಗೊತ್ತಿರುವ ವಿದ್ಯೆ. ಹಾದಿಯನ್ನು ಕೆಡಿಸುವುದು ಚಕ್ರವಲ್ಲ, ನೀರು. ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಇಬ್ಬರು ವಿದ್ವಾಂಸರು ನಡೆಸಿದ ಪರೀಕ್ಷೆಗಳು 1994ರಲ್ಲಿ ಪ್ರಕಟವಾದವು. ಕುದುರೆಯ ಗೊರಸೂ ಮನುಷ್ಯನ ಪಾದವೂ ಸಡಿಲಿಸಿದಷ್ಟು ಮಣ್ಣನ್ನು ಸೈಕಲ್ಲಿನ ಚಕ್ರ ಸಡಿಲಿಸಲಿಲ್ಲವೆಂದು ಅವರು ಕಂಡುಕೊಂಡರು. ಆದರೆ ಚಕ್ರದ ಜಾಡು ಒಂದೇ ಗೆರೆಯಾಗಿ ಬೆಟ್ಟದ ಮೇಲಿನಿಂದ ನೆಟ್ಟಗೆ ಕೆಳಗೆ ಬಂದರೆ ಮಳೆಯ ನೀರಿಗೆ ಅದೇ ಕಾಲುವೆ. ರಾಮನಗರದ ಸುತ್ತ ಕಲ್ಲು ಸವೆದಾದ ಗರಸು ಬೆರೆತ ಕೆಂಪು ಮಣ್ಣು. ಹೆಚ್ಚಿನ ಮಳೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಗುಡುಗು ಸಿಡಿಲಿನೊಡನೆ ಒಂದೇ ಪೆಟ್ಟಿಗೆ ಸುರಿಯುವಂಥದು. ಬೆರಳಗಲದ ಗೀರು ನಾಲ್ಕಾರು ಮಳೆಗಾಲದಲ್ಲಿ ಮೊಣಕಾಲಾಳದ ಕೊರಕಲಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಕೆರೆಯ ಹೂಳಾಗಿ ಕೂರುತ್ತದೆ.

ಆದ್ದರಿಂದ ಹಾದಿ ಬೆಟ್ಟವನ್ನು ಅಡ್ಡಹಾಯ್ದು ಸಾಗಬೇಕು. ಗುಡ್ಡದ ಮೈ 100 ಅಡಿಗೆ 20 ಅಡಿ ಇಳಿಯುತ್ತಿದ್ದರೆ ಹಾದಿ 10 ಅಡಿಗಿಂತ ಹೆಚ್ಚು ಇಳಿಯಬಾರದು, ಅಂದರೆ ಇಳುಕಲಿನ ಅರ್ಧವನ್ನು ಮೀರಬಾರದು. ಗುಡ್ಡ ಎಷ್ಟೇ ಕಡಿದಾಗಿರಲಿ, ಹಾದಿಯ ಒಟ್ಟು ಸರಾಸರಿ ನೂರಕ್ಕೆ ಹತ್ತನ್ನು ದಾಟದಿರುವುದೇ ಲೇಸು. ಹಾದಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಬೇಕು. ನಡುನಡುವೆ ಹಾದಿ ಒಂದಿಷ್ಟು ಇಳಿದು ಮತ್ತೆ ಏರಬೇಕು. ಹಾಗಿದ್ದಲ್ಲಿ ನೀರು ಹಾದಿಯುದ್ದಕ್ಕೂ ಓಡದೆ ಆ ತಗ್ಗಿನಲ್ಲಿ ಹೊರಬಿದ್ದು ಹುಲ್ಲಿನಲ್ಲಿ ಇಂಗುತ್ತದೆ. ಸವಾರನಿಗೆ ಉಯ್ಯಾಲೆ ಆಡಿದಂಥ ಸುಖ ಕೊಡುವ ಏರಿಳಿತವೂ ಇದೇ. ಮಣ್ಣಿಗೆ ಹಿತವಾದದ್ದು ಮನುಷ್ಯನಿಗೂ ಮೋಜಾಗುವ ಸಂದರ್ಭಗಳು ಲೋಕದಲ್ಲಿ ಅಪರೂಪ.

ಎಲ್ಲಿ ಹಾದಿ ಮಾಡಬೇಕೆಂಬುದಕ್ಕಿಂತ ಎಲ್ಲಿ ಕೂಡದೆಂಬುದು ಇಲ್ಲಿ ಮೊದಲ ಪ್ರಶ್ನೆ. 1975ರಲ್ಲಿ ತೆರೆಕಂಡ ‘ಶೋಲೆ’ಯಿಂದ ದೇಶಕ್ಕೆಲ್ಲ ಪರಿಚಿತವಾದ ರಾಮದೇವರ ಬೆಟ್ಟ ಇಂದು ರಣಹದ್ದುಗಳ ವನ್ಯಧಾಮ. 2012ರಲ್ಲಿ 346 ಹೆಕ್ಟೇರಿನಷ್ಟು ಪ್ರದೇಶವನ್ನು ಈ ಹಕ್ಕಿಗೆಂದು ಮೀಸಲಿಟ್ಟರು. ದೇಶದಲ್ಲಿಯೇ ಇಂಥ ಮೊದಲ ಧಾಮವಿದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳ ಸಂತತಿಯನ್ನೇ ಅಳಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹೋಗಿಯೇಬಿಟ್ಟಿದ್ದವು. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಕಡಿದಾದ ಅಂಚಿನಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಗದ್ದಲಕ್ಕೆ ಬೆದರಿ ಗೂಡು ಬಿಟ್ಟರೆ ಆ ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು. ರಾಮನ ಗುಡಿಗೆ ಮೆಟ್ಟಿಲೇರಿ ಹೋಗುವ ಭಕ್ತರ ಜೊತೆಗೆ ಕೂಗಿಕೊಂಡು ಧುಮುಕುವ ಸವಾರರನ್ನೂ ಆ ಬೆಟ್ಟದ ಮೇಲೆ ಹೇರುವುದು ಸಲ್ಲದು. ಕನಕಪುರದ ಕಡೆ ಕಾವೇರಿ ವನ್ಯಧಾಮದ ಅಂಚಿನಲ್ಲಿ ಆನೆ. ಸಾವನದುರ್ಗದ ಕಾಡಿನಲ್ಲಿ ಕರಡಿ, ಚಿರತೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಧಾಮಗಳೊಳಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ದೂರವಾಣಿಯ ನಕ್ಷೆಯಲ್ಲಿ ಯಾರೋ ಗೀಚಿಟ್ಟ ಗೆರೆ ಅನುಮತಿಯಲ್ಲ.

ಇನ್ನು ಮೋಟಾರಿನ ಮಾತು. ಬೈಸಿಕಲ್ಲಿನ ಜಾಡಿನ ಜೊತೆಗೆ ಜೀಪುಗಳ, ನಾಲ್ಕು ಚಕ್ರದ ಪುಟ್ಟ ಬಂಡಿಗಳ ಓಟವನ್ನೂ ಸೇರಿಸಿ ಎಲ್ಲವನ್ನೂ ‘ಸಾಹಸ ವಿಹಾರ’ವೆಂದು ಒಂದೇ ಫಲಕದ ಕೆಳಗೆ ಮಾರುವ ಪರಿಪಾಠ ಬೆಳೆದಿದೆ. ಇವೆರಡೂ ಒಂದೇ ಅಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದದ್ದು. ಅದನ್ನು ತುಂಬುವುದು ಸುತ್ತಣ ಹಿಪ್ಪುನೇರಳೆಯ ತೋಟಗಳು. ನಾಲ್ಕನೆಯ ಜ್ವರ ಎದ್ದ ಹುಳು ಹಗಲಿರುಳೂ ಸೊಪ್ಪು ತಿನ್ನುತ್ತದೆ. ತನ್ನ ಆಯುಷ್ಯದ ಮೇವಿನ ಬಹುಪಾಲನ್ನು ಆ ಕೊನೆಯ ವಾರದಲ್ಲಿಯೇ ಮೇಯುತ್ತದೆ. ಆ ವಾರದಲ್ಲಿ ಸೊಪ್ಪಿನ ಮೇಲೆ ಕೆಂಧೂಳು ಕೂತರೆ ಹುಳು ಅದನ್ನು ಒಲ್ಲದು, ತಿಂದರೆ ಸೊರಗುತ್ತದೆ; ಗೂಡು ಹಗುರಾಗುತ್ತದೆ. ಹತ್ತು ಜೀಪುಗಳು ಮಣ್ಣುದಾರಿಯಲ್ಲಿ ಒಂದು ಬೆಳಗ್ಗೆ ಆಡಿ ಹೋದರೆ ಪಕ್ಕದ ಮನೆಯ ಗೃಹಿಣಿ ಸೊಪ್ಪನ್ನು ಎಲೆ ಎಲೆಯಾಗಿ ತೊಳೆಯುತ್ತ ಕೂರಬೇಕು. ಬೈಸಿಕಲ್ಲು ಈ ತೊಂದರೆ ಕೊಡದು.

ಹಾಗಾದರೆ ಜಾಡು ಎಲ್ಲಿ? ಗೋಮಾಳದಲ್ಲಿ ಎನ್ನುವವರುಂಟು. ಅದು ಪಾಳುಬಿದ್ದ ನೆಲವಲ್ಲ, ಊರ ದನಕರುಗಳ ಮೇವಿಗೆಂದು ಕಾದಿರಿಸಿದ್ದು. ಖಾಸಗಿ ಜಮೀನಿನಲ್ಲಿ ಎಂದರೆ ಅಲ್ಲಿಯೂ ಒಂದು ತೊಡಕು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾದ ಮೇಲೆ ನಗರದ ಹಣವಂತರ ಹೊಸ ತೋಟಗಳು ತಂತಿಬೇಲಿಯೊಡನೆ ಏಳುತ್ತಿವೆ. ಕುರಿಯವನ ಹಳೆಯ ಹಾದಿ ಬೇಲಿಯ ಮುಂದೆ ನಿಂತುಬಿಡುತ್ತದೆ, ಸೈಕಲ್ಲಿನವನದೂ ಅಷ್ಟೆ. ಇಬ್ಬರಿಗೂ ಉಳಿದಿರುವ ಆಸರೆಯೆಂದರೆ ‘ನಕಾಶೆ ಕಂಡ ದಾರಿ’. ಗ್ರಾಮನಕ್ಷೆಯಲ್ಲಿ ಗುರುತಾದ ಬಂಡಿದಾರಿ, ಕಾಲುದಾರಿಗಳನ್ನು ಯಾರೂ ಮುಚ್ಚುವಂತಿಲ್ಲ. ಚನ್ನಪಟ್ಟಣದ ಕಣ್ವ ಜಲಾಶಯದ ಸುತ್ತಲಾಗಲಿ ಮಾಗಡಿಯ ಮಂಚನಬೆಲೆಯ ಬದಿಯಲ್ಲಾಗಲಿ, ಈ ದಾರಿಗಳನ್ನು ಒಂದಕ್ಕೊಂದು ಹೊಂದಿಸಿ, ನಡುವೆ ಒಪ್ಪಿದ ರೈತರ ಅಂಚುನೆಲಕ್ಕೆ ಬಾಡಿಗೆ ಕೊಟ್ಟರೆ ‘ಪಾರ್ಕು’ ಎಂಬ ಬೇಲಿಯ ಅಗತ್ಯವೇ ಬೀಳದು. ವೇಲ್ಸ್ ದೇಶದ ಕೋಯ್ಡ್ ಬ್ರೆನಿನ್ ಎಂಬಲ್ಲಿ 1990ರ ದಶಕದಲ್ಲಿ ಸರ್ಕಾರಿ ಅರಣ್ಯದವರೇ ಗುರುತು ಹಾಕಿದ ಜಾಡುಗಳನ್ನು ಮಾಡಿ ಸವಾರರನ್ನು ಕರೆದರು. ಇಲ್ಲಿ ಪಂಚಾಯಿತಿಗಳು ಆ ಕೆಲಸ ಮಾಡಬಾರದೇಕೆ? ಬೆಳಗಿನ ತಿಂಡಿ, ಪಂಕ್ಚರ್ ಅಂಗಡಿ, ದಾರಿ ತೋರುವ ಹುಡುಗನ ಕೂಲಿ, ಚನ್ನಪಟ್ಟಣದ ಒಂದು ಅರಗಿನ ಬೊಂಬೆ, ಇಷ್ಟು ವ್ಯಾಪಾರ ಹಳ್ಳಿಯಲ್ಲಿಯೇ ನಿಲ್ಲುತ್ತದೆ.

ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಜಾಡಿನ ಬಾಯಿಗೆ ಒಂದು ಗಳು ಅಡ್ಡ ಹಾಕಬೇಕಾಗುತ್ತದೆ. ಹಸಿಮಣ್ಣಿನ ಮೇಲೆ ಚಕ್ರ ಹೊರಳಿದರೆ ಶಾಸ್ತ್ರವೆಲ್ಲ ವ್ಯರ್ಥ. ಬೆಂಗಳೂರಿನಿಂದ ಐವತ್ತು ಕಿಲೋಮೀಟರು ಬಂದ ಸವಾರನನ್ನು ಆ ಗಳುವಿನ ಮುಂದೆ ನಿಲ್ಲಿಸಿ, ‘ಇವತ್ತು ಬೇಡ ಸ್ವಾಮಿ, ಶನಿವಾರ ಬನ್ನಿ’ ಎನ್ನುವ ಅಧಿಕಾರ ಆ ಊರಿನವನದೇ ಆಗಿರಬೇಕು.